ಕೈ ಮುಟ್ಟದ ಕಲ್ಲು

ದಾವಣಗೆರೆ ಬಸ್ಸಿನಿಂದ ಇಳಿಯುತ್ತಿದ್ದರು ಉಪದೇಶಿ ಜಯಶೀಲ,
ಕಂಕುಳಲ್ಲಿ ಸುರುಳಿ ಸುತ್ತಿದ ಮಿಲ್ಲಿನ ಬಟ್ಟೆ.
ಗೋಡೆಯ ಎರಡು ಮೊಳೆಗೆ ಬಿಗಿದರೆ
ಬಾಬಿಲೋನಿನ ದೊರೆ ಕನಸಲ್ಲಿ ಕಂಡ ವಿಗ್ರಹ
ಮಾಡಿನಿಂದ ನೆಲದ ತನಕ ನಿಲ್ಲುತ್ತಿತ್ತು:
ಚಿನ್ನದ ತಲೆ, ಬೆಳ್ಳಿಯ ಎದೆ, ಕಂಚಿನ ಹೊಟ್ಟೆ,
ಕಬ್ಬಿಣದ ಕಾಲು.
ಪಾದಕ್ಕೆ ಬರುವಾಗ ಬಣ್ಣ ಸಾಲದೆ
ಕಬ್ಬಿಣವೂ ಮಣ್ಣೂ ಒಂದೇ ಕೆಂದು.

ನಮ್ಮದು ಚಿತ್ರದುರ್ಗದ ಕೋಟೆಯ ಬೆನ್ನಿಗಿದ್ದ ಕಲ್ಲುಕುಟಿಗರ ಓಣಿ.
ಶೀಟಿನ ಮಾಡು, ಮರದ ಶಿಲುಬೆ, ಹರಿದ ಜಮಖಾನ.
ಕೋಲಿನ ತುದಿ ಮೇಲಿಂದ ಇಳಿದ ಹಾಗೆ
ಬಾಬೆಲು, ಪಾರಸಿ, ಗ್ರೀಕು, ರೋಮು
ಮಗ್ಗಿಯಂತೆ ಒಪ್ಪಿಸುತ್ತಿದ್ದೆವು ನಾವು ಹುಡುಗರು,
ಒಂದೊಂದು ರಾಜ್ಯಕ್ಕೂ ಒಂದೊಂದು ಚೂರು ಕಡಲೆಮಿಠಾಯಿ.

ಕಷ್ಟವಿದ್ದದ್ದು ಕಾಲ್ಬೆರಳಿನಲ್ಲಿ.
ಹತ್ತು ಬೆರಳಿಗೆ ಹತ್ತು ದೇಶ, ಹೆಸರು ಬರೆದ ಚೀಟಿ.
ಒಂದು ವರ್ಷ ಹೆಬ್ಬೆರಳು ರಷ್ಯಾ,
ಮುಂದಿನ ಸಲ ಅದರ ಮೇಲೆ ಇನ್ನೊಂದು ಚೀಟಿ.
ಎರಡಿದ್ದ ಜರ್ಮನಿ ಒಂದಾಗಿ
ಕಿರುಬೆರಳು ಖಾಲಿ ಬಿತ್ತು; ಇರಾಕು ಬಂತು, ಹೋಯಿತು.
ಗಂಜಿಯ ಅಂಟು, ಜಿರಲೆ ತಿಂದ ಅಂಚು,
ಪಾದ ಊದಿಕೊಂಡಿತ್ತು ಆನೆಕಾಲಿನ ಹಾಗೆ.
"ಇನ್ನು ಬಹಳ ದಿನ ಇಲ್ಲ" ಎನ್ನುತ್ತಿದ್ದರು ಉಪದೇಶಿ,
ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳುತ್ತಾ.

ಅಪ್ಪ ಯೋಬಪ್ಪ ಬಾಗಿಲಿಗೊರಗಿ ಕೂತಿರುತ್ತಿದ್ದ.
ಅವನಿಗೆ ಎಂಟೇ ಬೆರಳು; ಎರಡನ್ನು
ಕ್ವಾರಿಯ ಮದ್ದು ತಿಂದಿತ್ತು, ನಾನು ಹುಟ್ಟುವ ಮುಂಚೆ.
ಯಾವ ರಾಜ್ಯಕ್ಕೂ ತಲೆದೂಗದವನು
ಬಟ್ಟೆಯ ಮೂಲೆಯಿಂದ ಉರುಳಿ ಬರುವ ಕಲ್ಲಿಗೆ ಮಾತ್ರ
ಬೀಡಿ ಕಿವಿಗೆ ಸಿಕ್ಕಿಸಿ ನೆಟ್ಟಗಾಗುತ್ತಿದ್ದ.
ಯಾರ ಕೈಯೂ ಮುಟ್ಟದೆ ಬೆಟ್ಟದಿಂದ ಸಿಡಿದ ಕಲ್ಲು,
ಮಣ್ಣಿನ ಪಾದಕ್ಕೆ ಬಡಿದ ಮೇಲೆ
ಚಿನ್ನ ಯಾವುದು ಹೊಟ್ಟು ಯಾವುದು ಗಾಳಿಗೆ ಗೊತ್ತಾಗಲಿಲ್ಲ.

ಒಮ್ಮೆ ಕೇಳಿಯೇಬಿಟ್ಟ:
"ಅಯ್ಯಾ, ಕೈ ಮುಟ್ಟಿಲ್ಲ, ಸರಿ. ಕೂಲಿ ಯಾರಿಗೆ ಹೋಯ್ತು?"
ಎಲ್ಲರೂ ನಕ್ಕರು. ಉಪದೇಶಿಯೂ.
ಅಪ್ಪ ನಗಲಿಲ್ಲ.

ಮಾರನೆಯ ದಿನ ನನ್ನನ್ನು ಕೋಟೆಗೆ ಕರೆದೊಯ್ದ,
ಕಳ್ಳಿ ಸಾಲಿನ ಹಿಂದೆ, ಟಿಕೀಟಿಲ್ಲದ ದಾರಿ.
ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿದ ಗೋಡೆ ಸವರಿ
"ನೋಡು" ಅಂದ. ಬೆಣೆ ಹೊಡೆದ ಕುಳಿಗಳ ಸಾಲು,
ಹಲ್ಲಿನ ಗುರುತಿನಂತೆ.
"ಕೈ. ಇದೂ ಕೈ. ಆ ಬತೇರಿ ಮೇಲಿಂದೂ ಕೈ.
ನಾಯಕರು ಹೋದ್ರು, ಶ್ರೀರಂಗಪಟ್ಟಣದ ಕುದುರೆ ಬಂತು,
ಆಮೇಲೆ ಟೋಪಿಯೋರು. ಯಾರು ಬಂದ್ರೂ
ಬಿದ್ದ ಗೋಡೆ ಎತ್ತೋಕೆ ನಮ್ಮ ಓಣಿಗೇ ಹೇಳಿ ಕಳಿಸೋರು."

ಇನ್ನೂ ಮೇಲೆ, ಗೋಡೆ ಮುಗಿದ ಕಡೆ,
ಮನೆಯಷ್ಟು ದೊಡ್ಡ ಬಂಡೆ, ನಟ್ಟನಡುವೆ ಎರಡು ಹೋಳು.
ಅಂಚಿನುದ್ದಕ್ಕೂ ಹುಡುಕಿದ ಅಪ್ಪ, ಕುರುಡನಂತೆ ಬೆರಳಾಡಿಸಿ.
ಉಳಿಯ ಗಾಯ ಇಲ್ಲ. ಬೆಣೆಯ ಕುಳಿ ಇಲ್ಲ.
ಬಿಸಿಲು ಕಾಸಿ, ಇಬ್ಬನಿ ತಣಿಸಿ, ಯಾವುದೋ ಇರುಳು
ಯಾರೂ ಕೇಳದ ಒಂದು ಸದ್ದು.
ಸೀಳಿನಲ್ಲಿ ಓತಿಕ್ಯಾತವೊಂದು ನಮ್ಮತ್ತ ತಲೆಯಾಡಿಸಿತು.
"ಅದು ಹಿಂಗೇ ಬರೋದಿರಬೇಕು" ಅಂದ.
ಹೆದರಿದನೋ, ಹಗುರಾದನೋ, ನನಗೆ ತಿಳಿಯಲಿಲ್ಲ.

ಮಿಲ್ಲಿನ ಸೈರನ್ನು ನಿಂತು ಎಷ್ಟೋ ಕಾಲ.
ಉಪದೇಶಿ ತೀರಿಕೊಂಡ ಮೇಲೆ ಬಟ್ಟೆ ನನ್ನ ಪಾಲಿಗೆ ಬಂತು,
ಬೆನ್ನಿನಲ್ಲಿ ಮಾಸಿದ ನವಿಲಿನ ಮುದ್ರೆ.
ಬೆಚ್ಚನೆ ನೀರಿನಲ್ಲಿ ಅರಿವೆ ಅದ್ದಿ
ಕಾಲ್ಬೆರಳ ಚೀಟಿಗಳನ್ನು ಒಂದೊಂದಾಗಿ ನೆನೆಸಿದೆ.
ದೇಶದ ಕೆಳಗೆ ದೇಶ, ಅದರ ಕೆಳಗೆ ಈಗ ಇಲ್ಲದ ದೇಶ,
ಕಟ್ಟಕಡೆಗೆ ಬರೀ ಉಗುರು:
ಯಾರೋ ಶ್ರದ್ಧೆಯಿಂದ ಬರೆದ ಉಗುರು,
ಸಂದಿಯಲ್ಲಿ ಕೆಲಸದ ಮಣ್ಣು ಕೂಡ.

ಎಂಟು ಬಿಡಿಸಿದೆ.
ಎರಡು ಬಿಡಲಿಲ್ಲ.